ಕಿಲ್ನ್‌ಗಿಂತ ಮೊದಲು ಪುಡಿ: ಸಿಮೆಂಟ್ ಲ್ಯಾಬಿಗೆ ಸೇರುವ ಮಕ್ಕಳಿಗೆ ಕಿವಿಮಾತು

ಸೇಡಂ, ವಾಡಿ, ಚಿತ್ತಾಪುರ, ಚಿಂಚೋಳಿ ಕಡೆಯ ಕಾರ್ಖಾನೆಗಳಿಗೆ ಕೆಮಿಸ್ಟ್ ಆಗಿ ಹೊರಟಿದ್ದೀರಿ. ಕಿಲ್ನ್‌ಗೆ ಹೋಗುವ ಕಚ್ಚಾ ಪುಡಿಯ ಬೆರಕೆಯಲ್ಲಿ ತಪ್ಪಿದ್ದನ್ನು 1450 ಡಿಗ್ರಿ ಕಾವೂ ಸರಿಮಾಡುವುದಿಲ್ಲ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

• ಮೊದಲು ಗಣಿಗೆ ಹೋಗಿ ಬನ್ನಿ. ನಮ್ಮ ಸುಣ್ಣಕಲ್ಲು ಪದರ ಪದರ; ಶಹಾಬಾದ್ ಹಾಸುಗಲ್ಲಿನ ಮೇಲೆ ಆಡಿ ಬೆಳೆದವರಿಗೆ ಇದು ಗೊತ್ತು. ಒಂದು ಪದರದ ಗುಣ ಕೆಳಗಿನದಕ್ಕಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಕಲ್ಲಿಗೆ ಮೆತ್ತಿಕೊಂಡೇ ಕ್ರಷರಿಗೆ ಬರುತ್ತದೆ, ಸಿಲಿಕಾ ಏರುತ್ತದೆ.

• ಆ ಏರಿಕೆ ಅರ್ಧ ಪರ್ಸೆಂಟ್ ಅಷ್ಟೇ ಎಂದು ಬಿಡಬೇಡಿ, ಲೆಕ್ಕ ಹಾಕಿ. ಸಿಲಿಕಾವನ್ನು 2.8ರಿಂದ, ಅಲ್ಯೂಮಿನಾವನ್ನು 1.18ರಿಂದ, ಕಬ್ಬಿಣದ ಆಕ್ಸೈಡನ್ನು 0.65ರಿಂದ ಗುಣಿಸಿ ಕೂಡಿಸಿ. ಆ ಮೊತ್ತದಿಂದ ಸುಣ್ಣದಂಶವನ್ನು ಭಾಗಿಸಿದರೆ ಎಲ್‌ಎಸ್‌ಎಫ್ (ಲೈಮ್ ಸ್ಯಾಚುರೇಶನ್ ಫ್ಯಾಕ್ಟರ್). ಸುಣ್ಣ 43, ಸಿಲಿಕಾ 14, ಅಲ್ಯೂಮಿನಾ 3, ಕಬ್ಬಿಣ 2 ಇದ್ದರೆ ಅದು ಸುಮಾರು 97.6 ಪರ್ಸೆಂಟ್. ಸಿಲಿಕಾ 14.5 ಆದರೆ 94.6. ಇಡೀ ಮೂರು ಅಂಕ! ಸಿಮೆಂಟಿಗೆ ಬಲ ಕೊಡುವ ಸಿ3ಎಸ್ ಅಲ್ಲೇ ಕುಸಿಯುತ್ತದೆ.

• ರಾಶಿಯ ತುದಿಯಿಂದ ಚಮಚ ತುಂಬಿಕೊಂಡು ಬರಬೇಡಿ. ದಪ್ಪ ಕಾಳು ಬುಡಕ್ಕೆ ಉರುಳಿರುತ್ತದೆ. ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಇಟ್ಟುಕೊಳ್ಳಿ. ಬೇಕಾದಷ್ಟು ಉಳಿಯುವವರೆಗೆ ಮತ್ತೆ ಅದನ್ನೇ ಮಾಡಿ.

• ಎಕ್ಸ್‌ಆರ್‌ಎಫ್ ಯಂತ್ರ ತೋರಿಸಿದ ಅಂಕಿಯನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಒತ್ತಿದ ಬಿಲ್ಲೆಯಲ್ಲಿ ಕಾಳಿನ ಗಾತ್ರವೂ ಖನಿಜದ ಬಗೆಯೂ ಅಂಕಿಯನ್ನು ಬದಲಿಸುತ್ತವೆ. ಗಣಿಯಲ್ಲಿ ಹೊಸ ಮುಖ ತೆರೆದಾಗ ಕರಗಿಸಿದ ಗಾಜಿನ ಬಿಲ್ಲೆ ಮಾಡಿ ತಾಳೆ ನೋಡಿ.

• ಕಲ್ಲಿದ್ದಲಿನ ಬೂದಿ ಎಲ್ಲಿಗೂ ಹೋಗುವುದಿಲ್ಲ, ಕ್ಲಿಂಕರಿನಲ್ಲೇ ಸೇರುತ್ತದೆ. ಅದರಲ್ಲಿರುವುದು ಬಹುಪಾಲು ಸಿಲಿಕಾ, ಅಲ್ಯೂಮಿನಾ. ಅದಕ್ಕೇ ಕಲ್ಲಿದ್ದಲು ಉರಿಸುವಾಗ ಪುಡಿಯ ಎಲ್‌ಎಸ್‌ಎಫ್ ಮೇಲಿಡುತ್ತಾರೆ. ಬೂದಿ ಕಡಿಮೆಯಿರುವ ಪೆಟ್‌ಕೋಕ್ ಬಂದ ದಿನ ಎಲ್‌ಎಸ್‌ಎಫ್ ಇಳಿಸದಿದ್ದರೆ ಫ್ರೀ ಲೈಮ್, ಅಂದರೆ ಕೂಡದೆ ಉಳಿದ ಸುಣ್ಣ, ಏರುತ್ತದೆ. ಯಾವ ಇಂಧನ ಉರಿಯುತ್ತಿದೆ ಎಂದು ಶಿಫ್ಟ್ ಶುರುವಾದಾಗಲೇ ಕಂಟ್ರೋಲ್ ರೂಮಿನವರನ್ನು ಕೇಳಿ.

• ಫ್ರೀ ಲೈಮ್ ಏರಿತೆಂದು ತಕ್ಷಣ ಉರಿ ಹೆಚ್ಚಿಸಲು ಹೇಳಬೇಡಿ. ಮೊದಲು 90 ಮೈಕ್ರಾನ್ ಜರಡಿಯಲ್ಲಿ ಪುಡಿ ಎಷ್ಟು ಉಳಿದಿದೆ ನೋಡಿ. ದಪ್ಪ ಸ್ಫಟಿಕದ ಕಾಳು ಎಷ್ಟು ಉರಿಸಿದರೂ ಪೂರ್ತಿ ಕೂಡುವುದಿಲ್ಲ. ಇಂಧನ ಮಾತ್ರ ಹಾಳು.

• ಕ್ಲಿಂಕರ್ ಗುಂಡು ಒಡೆದು ಒಳಗೆ ನೋಡಿ. ನಡುವೆ ಕಂದು ಬಣ್ಣವಿದ್ದರೆ ಆಮ್ಲಜನಕ ಸಾಲದೆ ಬೆಂದಿದೆಯೇ ಎಂದು ಗ್ಯಾಸ್ ಅನಲೈಸರ್ ನೋಡಿ ಖಚಿತಪಡಿಸಿಕೊಳ್ಳಿ.

• ಫ್ರೀ ಲೈಮ್ ಪರೀಕ್ಷೆಯ ಗ್ಲೈಕಾಲ್ ಬಿಸಿಯಿರುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ.