ಫೈಲಿಗೆ ಸೇರದ ಫೋಟೊ

ಕಳೆದ ಮಳೆಗಾಲದಲ್ಲಿ ಬಿಜೂರಿನವರೊಬ್ಬರು ನನ್ನ ಕಚೇರಿಗೆ ಬಂದರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಜವಳಿ ಅಂಗಡಿಯ ಚೀಲ, ಚೀಲದೊಳಗೆ ಗ್ರಾಹಕರ ಆಯೋಗದ ಆದೇಶ. ಕಾರನ್ನು ಸರ್ವಿಸಿಗೆಂದು ಒಂದು ಗ್ಯಾರೇಜಿಗೆ ಬಿಟ್ಟಿದ್ದರಂತೆ. ಒಳಗೆ ಜಾಗವಿಲ್ಲವೆಂದು ಗ್ಯಾರೇಜಿನವರು ರಾತ್ರಿ ಅದನ್ನು ಹೆದ್ದಾರಿ 66ರ ಸರ್ವಿಸ್ ರಸ್ತೆಯ ಅಂಚಿಗೆ ನಿಲ್ಲಿಸಿದ್ದಾರೆ. ಬೆಳಿಗ್ಗೆ ನೋಡಿದರೆ ಬಲಬದಿಯ ಎರಡೂ ಬಾಗಿಲು ಚಪ್ಪಟೆ, ಕನ್ನಡಿ ವಯರಿನಲ್ಲಿ ನೇತಾಡುತ್ತಿದೆ. ಗುದ್ದಿದವರು ಯಾರೋ ಗೊತ್ತಿಲ್ಲ. ಕೇಳಿದ್ದಕ್ಕೆ ಗ್ಯಾರೇಜಿನವರು ಜಾಬ್ ಕಾರ್ಡಿನ ಹಿಂಬದಿಯ ಸಣ್ಣಕ್ಷರ ತೋರಿಸಿದರು: ವಾಹನ ನಿಲ್ಲಿಸುವುದು ಮಾಲೀಕರ ಸ್ವಂತ ಹೊಣೆಯಲ್ಲಿ. ರಿಪೇರಿ ಖರ್ಚು 68 ಸಾವಿರ ರೂಪಾಯಿ. ಇವರು ವಕೀಲರನ್ನು ಇಡದೆ ತಾವೇ ದೂರು ಕೊಟ್ಟು, ತಾವೇ ನಡೆಸಿ, ಸೋತಿದ್ದರು. ನನ್ನ ಮುಂದೆ ಕೂತದ್ದು ಆದೇಶವಾದ 41ನೇ ದಿನ.

‘ಅಲ್ಲ್ ಸಮಾ ಹೇಳುಕೆ ಆಯ್ಲಿಲ್ಲೆ ವಕೀಲ್ರೆ. ಅಪೀಲ್ ಹಾಕಿ ಬೆಂಗ್ಳೂರಂಗೆ ಎಲ್ಲ ಹೇಳ್ತೆ’ ಎಂದರು.

ಈ ಮಾತನ್ನು ನಾನು ವರ್ಷಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ಅಪೀಲೆಂದರೆ ಕಥೆಯನ್ನು ಮೊದಲಿನಿಂದ ಹೇಳಲು ಸಿಗುವ ಇನ್ನೊಂದು ಅವಕಾಶ ಎಂದು ಜನ ನಂಬಿದ್ದಾರೆ. ಅಪೀಲಿನಲ್ಲಿ ಕೂತವರು ನೋಡುವುದು ಕೆಳಗಿನ ಆಯೋಗದ ಫೈಲನ್ನು. ಅದರಲ್ಲಿದ್ದ ಕಾಗದ ಓದಿ, ಕೆಳಗಿನವರು ಸರಿಯಾಗಿ ತೀರ್ಮಾನಿಸಿದ್ದಾರೋ ಇಲ್ಲವೋ ಎಂದಷ್ಟೇ ಹೇಳುತ್ತಾರೆ. ಚೀಲದಲ್ಲಿದ್ದ ಕಾಗದಗಳನ್ನು ತಿರುವಿ ನಾನು ಕೇಳಿದೆ, ಫೋಟೊ ಎಲ್ಲಿ? ‘ಮೊಬೈಲಂಗ್ ಇತ್ತಲ್ಲ ಮಾರ್ರೆ’ ಎಂದು ತೆಗೆದು ತೋರಿಸಿದರು. ಒಳ್ಳೆಯ ಫೋಟೊಗಳು. ಗ್ಯಾರೇಜಿನ ಬೋರ್ಡು, ರಸ್ತೆಗೆ ಚಾಚಿಕೊಂಡ ಕಾರಿನ ಹಿಂಭಾಗ, ಒಡೆದ ಗಾಜಿನ ಚೂರು, ಎಲ್ಲವೂ ಇತ್ತು. ಫೈಲಿನಲ್ಲಿ ಮಾತ್ರ ಒಂದೂ ಇರಲಿಲ್ಲ.

ಅಲ್ಲಿಗೆ ಮತ್ತೆ ಬರುತ್ತೇನೆ. ಮೊದಲು ಕೇಸು ಎಲ್ಲಿಗೆ ಸೇರಿದ್ದು ಎಂಬುದನ್ನು ನೋಡಿ. ಅದಕ್ಕೆ ನಾನು ಕೇಳುವ ಪ್ರಶ್ನೆ ಒಂದೇ: ಕಾರಿನ ಕೀ ಯಾರ ಕೈಯಲ್ಲಿತ್ತು?

ಕೀ ಕೊಟ್ಟು, ಚೀಟಿಯನ್ನೋ ಜಾಬ್ ಕಾರ್ಡನ್ನೋ ಪಡೆದಿದ್ದರೆ ಕಾರು ಅವರ ವಶದಲ್ಲಿತ್ತು ಎಂದರ್ಥ. 1872ರ ಕರಾರು ಕಾಯ್ದೆಯ 151ನೇ ಕಲಮಿನ ಪ್ರಕಾರ ಸಾಮಾನ್ಯ ವಿವೇಕವುಳ್ಳವರು ತಮ್ಮ ಸ್ವಂತ ವಸ್ತುವನ್ನು ಕಾಯುವಷ್ಟೇ ಜೋಪಾನವಾಗಿ ಅವರು ಅದನ್ನು ನೋಡಿಕೊಳ್ಳಬೇಕು. ‘ಮಾಲೀಕರ ಹೊಣೆ’ ಎಂಬ ಮುದ್ರಿತ ಸಾಲಿಗೆ ಹೆದರಿ ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. 1998ರ ಆಗಸ್ಟ್ 1ರಂದು ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಒಬ್ಬರು ತಮ್ಮ ಮಾರುತಿ ಜೆನ್ ಕಾರನ್ನು ವ್ಯಾಲೆ ಪಾರ್ಕಿಂಗ್‌ಗೆ ಕೊಟ್ಟರು, ಕಾರು ಕಳುವಾಯಿತು. ಅವರ ಚೀಟಿಯ ಮೇಲೂ ಇದೇ ಸಾಲು ಇತ್ತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮ ಹಾವೇರಿ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ 2019ರ ನವೆಂಬರ್ 14ರಂದು ಬರೆದ ತೀರ್ಪು ಹೇಳಿದ್ದು ಇಷ್ಟು: ವಾಹನ ನಿಮ್ಮ ವಶಕ್ಕೆ ಬಂದ ಮೇಲೆ ಅದಕ್ಕೇನಾದರೂ ಆದರೆ, ಅದು ನಿಮ್ಮ ನಿರ್ಲಕ್ಷ್ಯದಿಂದ ಆದದ್ದಲ್ಲ ಎಂದು ಮೊದಲು ನೀವೇ ವಿವರಿಸಬೇಕು, ಚೀಟಿಯ ಸಾಲಿನ ಹಿಂದೆ ಅಡಗಿ ತಪ್ಪಿಸಿಕೊಳ್ಳಲಾಗದು. ಈ ತೀರ್ಪಿನ ಪ್ರತಿಯನ್ನು ದೂರಿನ ಜೊತೆ ಇಡಿ. ಆದರೆ ಇದನ್ನು ಎಲ್ಲ ಕಡೆಗೂ ಎಳೆಯಬೇಡಿ. ದೇವಸ್ಥಾನದ ಮೈದಾನದಲ್ಲೋ ಮದುವೆ ಹಾಲಿನ ಎದುರೋ ನೀವೇ ಕಾರು ನಿಲ್ಲಿಸಿ, ಕೀಯನ್ನು ಕಿಸೆಗೆ ಹಾಕಿಕೊಂಡು ಊಟಕ್ಕೆ ಹೋಗಿದ್ದರೆ ಈ ವಾದ ಬಹಳ ತೆಳ್ಳಗಾಗುತ್ತದೆ.

ಕೀ ನಿಮ್ಮಲ್ಲೇ ಇದ್ದು, ನಿಲ್ಲಿಸಿದ ಕಾರಿಗೆ ಬೇರೆ ವಾಹನ ಗುದ್ದಿದ್ದರೆ ದಾರಿಯೇ ಬೇರೆ. ಆಸ್ತಿ ನಷ್ಟಕ್ಕೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು ಎಂಬುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅಲ್ಲಿನ ಕೇಸು, ಅಂದರೆ ಎಂವಿಸಿ, ಕೈಕಾಲು ಮುರಿದವರಿಗೆ ಎಂದುಕೊಂಡಿದ್ದಾರೆ. ಪೊಲೀಸರೂ ಹಾಗೆಯೇ ವರ್ತಿಸುತ್ತಾರೆ: ‘ಜನರಿಗೆ ಪೆಟ್ಟಾಗಿಲ್ಲ ಅಲ್ವಾ, ಮಾತಾಡಿ ಮುಗಿಸಿ.’ ಮುಗಿಸಲು ಎದುರಿನವನು ಸಿಗಬೇಕಲ್ಲ! ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಬೇರೆಯವರ ಆಸ್ತಿಗೆ ಹಾನಿಯಾದರೂ ಚಾಲಕ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು. ಎಫ್‌ಐಆರ್ ಮಾಡದಿದ್ದರೂ ನಿಮ್ಮ ದೂರನ್ನು ಬರೆದೇ ಕೊಡಿ, ಸ್ವೀಕೃತಿ ಪಡೆಯದೆ ಠಾಣೆಯ ಮೆಟ್ಟಿಲು ಇಳಿಯಬೇಡಿ. ನ್ಯಾಯಮಂಡಳಿಗೆ ಕೊಡುವ ಅರ್ಜಿಗೆ ಕಾಯ್ದೆ ಇಟ್ಟಿರುವ ಗಡುವು ಅಪಘಾತದಿಂದ ಆರು ತಿಂಗಳು. ಆ ಗಡುವನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ, ಅದನ್ನು ನಂಬಿ ಕೂರಬೇಡಿ.

ಇಲ್ಲಿ ಅಪೀಲಿನ ಆಸೆ ಇಟ್ಟುಕೊಂಡವರಿಗೆ ಒಂದು ಕಹಿ ಸುದ್ದಿಯಿದೆ. ನ್ಯಾಯಮಂಡಳಿಯ ಆದೇಶದ ಮೇಲೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಆದರೆ ತಕರಾರಿನ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಅಪೀಲೇ ಇಲ್ಲ. ಮೊದಲು ಈ ಗೆರೆ ಹತ್ತು ಸಾವಿರಕ್ಕಿತ್ತು, 2022ರ ಏಪ್ರಿಲ್ 1ರಿಂದ ಒಂದು ಲಕ್ಷವಾಗಿದೆ. ಬಂಪರು, ಬಾಗಿಲು, ಲೈಟು ಎಂದು ಲೆಕ್ಕ ಹಾಕಿದರೆ ನಮ್ಮೂರಿನ ಕೇಸುಗಳೆಲ್ಲ ಆ ಗೆರೆಯ ಕೆಳಗೇ ಬೀಳುತ್ತವೆ. ಅಂಥವರಿಗೆ ಮೊದಲ ಸುತ್ತೇ ಕೊನೆಯ ಸುತ್ತು.

ಕೀ ಗ್ಯಾರೇಜಿನವರ ಕೈಯಲ್ಲಿದ್ದ ಕೇಸು ಸೇರುವ ಗ್ರಾಹಕರ ಆಯೋಗಕ್ಕೆ ಬರೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಗ್ಯಾರೇಜು ಬೆಂಗಳೂರಿನಲ್ಲಿದ್ದರೂ ಬಿಜೂರಿನವರು ಉಡುಪಿ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಗಡುವು ಎರಡು ವರ್ಷ. ಸೇವೆಗೆ ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ನೀವೇ ನಿಲ್ಲಬಹುದು, ನಿಮ್ಮ ಪರವಾಗಿ ಅಧಿಕಾರಪತ್ರ ಪಡೆದ ಬೇರೊಬ್ಬರೂ ನಿಲ್ಲಬಹುದು ಎಂದು 2011ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. (ಹಾಗೆಂದು ಸೋತರೆ ವಕೀಲರ ಮೇಲೆ ಅದೇ ಆಯೋಗದಲ್ಲಿ ದೂರು ಕೊಡಬಹುದೇ? 2024ರ ಮೇ ತಿಂಗಳ ತೀರ್ಪಿನ ಪ್ರಕಾರ ಆಗದು. ಗ್ಯಾರೇಜಿನವನಿಗಿಲ್ಲದ ಈ ರಕ್ಷಣೆ ನಮಗಿದೆ. ನನ್ನ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಕೇಳಿ.)

ಈಗ ಆ ಫೋಟೊದ ವಿಷಯ. ಜನ ಹಣ ಕಳೆದುಕೊಳ್ಳುವುದು ಇಲ್ಲೇ.

ಗ್ರಾಹಕರ ಆಯೋಗದಲ್ಲಿ ಸಿನಿಮಾದಂತೆ ಕಟಕಟೆ ಹತ್ತಿಸಿ ಕೇಳುವುದು ಅಪರೂಪ. ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೇ ತೀರ್ಮಾನವಾಗಬೇಕೆಂದು ಕಾಯ್ದೆಯೇ ಹೇಳುತ್ತದೆ. ಪ್ರಮಾಣಪತ್ರವೆಂದರೆ ನಾವು ಅಫಿಡವಿಟ್ ಎನ್ನುವುದು. ದೂರು ಕೊಟ್ಟಾಗ ಜೊತೆಗೊಂದು ಅಫಿಡವಿಟ್ ಹಾಕಿರುತ್ತೀರಿ. ಎದುರಿನವರ ಉತ್ತರ ಬಂದ ಮೇಲೆ ‘ಸಾಕ್ಷ್ಯಕ್ಕೆ’ ಎಂದು ಒಂದು ತಾರೀಕು ಕೊಡುತ್ತಾರೆ. ಆ ದಿನ ನಿಮ್ಮ ಸಾಕ್ಷ್ಯವೆಲ್ಲ ಹೊಸ ಅಫಿಡವಿಟ್ಟಿನ ರೂಪದಲ್ಲಿ, ದಾಖಲೆಗಳಿಗೆ ನಂಬರು ಹಾಕಿಸಿ ಒಳಗೆ ಹೋಗಬೇಕು. ನನ್ನ ಬಿಜೂರಿನ ಕಕ್ಷಿದಾರರು ಆ ತಾರೀಕಿಗೆ ಹೋಗಿದ್ದರು, ಕೈಯಲ್ಲಿ ಮೊಬೈಲು ಹಿಡಿದು ಕಾದಿದ್ದರು. ‘ಸಾಕ್ಷ್ಯ ಇದೆಯಾ’ ಎಂದು ಕೇಳಿದಾಗ ‘ದೂರಿನಲ್ಲೇ ಬರೆದಿದ್ದೇನೆ’ ಎಂದರಂತೆ. ಅಷ್ಟಕ್ಕೇ ಸಾಕ್ಷ್ಯದ ಹಂತ ಮುಗಿಯಿತು.

ಫೋಟೊ ತೆಗೆದರೆ ಪ್ರಿಂಟು ಹಾಕಿಸಿ. ಯಾವ ಫೋನಿನಲ್ಲಿ, ಎಂದು, ಯಾರು ತೆಗೆದದ್ದು ಎಂದು ಅಫಿಡವಿಟ್ಟಿನಲ್ಲಿ ಬರೆಯಿರಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟನ್ನೂ ಲಗತ್ತಿಸಿ, ಹಳಬರು ಇದನ್ನು 65ಬಿ ಎಂದೇ ಕರೆಯುತ್ತಾರೆ. ಆಯೋಗಗಳು ಸಾಕ್ಷ್ಯ ಕಾನೂನಿಗೆ ಅಕ್ಷರಶಃ ಅಂಟಿಕೊಳ್ಳುವುದಿಲ್ಲ ನಿಜ, ಆದರೆ ಎದುರಿನ ವಕೀಲರು ಅಂಟಿಕೊಳ್ಳುತ್ತಾರೆ. ಜಾಬ್ ಕಾರ್ಡಿನ ಎರಡೂ ಬದಿಯ ನಕಲು ಬೇಕು. ಕಾರು ಒಳಗೆ ಬಿಟ್ಟಾಗ ಗೀರುಗಳನ್ನು ಗುರುತಿಸುವ ಚಿತ್ರವೊಂದು ಅದರಲ್ಲಿರುತ್ತದೆ, ಬಾಗಿಲ ಜಾಗ ಖಾಲಿಯಿದ್ದರೆ ಅದೇ ನಿಮ್ಮ ದೊಡ್ಡ ಸಾಕ್ಷ್ಯ. ಹತ್ತಿರದ ಅಂಗಡಿಯ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ, ಅಂದೇ ಹೋಗಿ ಕೇಳಿ. ವಿಮೆಯ ಸರ್ವೇಯರ್ ನೋಡುವ ಮೊದಲು ರಿಪೇರಿ ಮಾಡಿಸಬೇಡಿ. ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಮುದ್ರಿಸಿದ ವೋಚರಿಗೆ ಓದದೆ ಸಹಿ ಹಾಕಲೇಬೇಡಿ.

ಇನ್ನು ಟೈಪಿಂಗ್ ಅಂಗಡಿಯವರ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಐನೂರು ರೂಪಾಯಿಗೆ ದೂರು ಬರೆದುಕೊಡುವ ಇವರು ಹಿಂದಿನವರ ದೂರಿನ ಮೇಲೆಯೇ ಹೊಸ ಹೆಸರು ಕೂರಿಸುತ್ತಾರೆ. ಬಿಜೂರಿನವರ ದೂರಿನ ಆರನೇ ಪ್ಯಾರಾದಲ್ಲಿ ಕಾರು ಇದ್ದಕ್ಕಿದ್ದಂತೆ ‘ಸದರಿ ರೆಫ್ರಿಜರೇಟರ್’ ಆಗಿತ್ತು. ಗ್ಯಾರೇಜಿನ ವಕೀಲರು ಅದನ್ನು ಓದಿ ನಕ್ಕರೆಂದು ಇವರಿಗೆ ಇನ್ನೂ ಸಂಕಟ. ನಿಮ್ಮ ಮಾತಿನಲ್ಲೇ, ಕನ್ನಡದಲ್ಲೇ, ತಾರೀಕಿನ ಕ್ರಮದಲ್ಲಿ ಎರಡು ಪುಟ ಬರೆಯಿರಿ. ಅದಕ್ಕಿಂತ ಚೆನ್ನಾಗಿ ಆ ಅಂಗಡಿಯವರು ಬರೆಯಲಾರರು.

ಸೋತಿರಿ ಎಂದುಕೊಳ್ಳೋಣ. ಆದೇಶದ ದಿನದಿಂದ 45 ದಿನಗಳೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಅಪೀಲು ಹೋಗಬೇಕು. ಆದೇಶದ ದೃಢೀಕೃತ ಪ್ರತಿಯ ಮೊದಲ ನಕಲು ಪುಕ್ಕಟೆ, ಅದಕ್ಕೆ ಕಾಸು ಕೇಳಿದರೆ ರಸೀದಿ ಕೇಳಿ, ಸುಮ್ಮನಾಗುತ್ತಾರೆ. ಪ್ರತಿ ಕೈಸೇರಿದ ದಿನದಿಂದ ಎಣಿಸಬೇಕೆಂಬ ವಾದಕ್ಕೆ ಸುಪ್ರೀಂ ಕೋರ್ಟಿನ ಬೆಂಬಲವಿದೆ. ಆದರೂ ಕ್ಯಾಲೆಂಡರಿನಲ್ಲಿ ಆದೇಶದ ದಿನಕ್ಕೇ ಗುರುತು ಹಾಕಿ, ಆ ವಾದವನ್ನು ಕಷ್ಟಕಾಲಕ್ಕೆ ಉಳಿಸಿಕೊಳ್ಳಿ. ತಡವಾದರೆ ಕಾರಣ ಹೇಳಿ ವಿಳಂಬ ಮನ್ನಾ ಅರ್ಜಿ, ಅದಕ್ಕೊಂದು ಅಫಿಡವಿಟ್. ‘ಮನೆಯಲ್ಲಿ ತಾಪತ್ರಯವಿತ್ತು’ ಎಂದರೆ ಸಾಲದು, ಆಸ್ಪತ್ರೆಯ ಚೀಟಿ ಇಡಿ. ಆದೇಶದಲ್ಲಿ ಬರೀ ಲೆಕ್ಕದ ತಪ್ಪೋ ಕಣ್ಣಿಗೆ ಹೊಡೆಯುವ ಬೇರೆ ದೋಷವೋ ಇದ್ದರೆ ಅಪೀಲೇ ಬೇಡ, 30 ದಿನಗಳೊಳಗೆ ಅದೇ ಜಿಲ್ಲಾ ಆಯೋಗಕ್ಕೆ ಮರುಪರಿಶೀಲನೆಯ ಅರ್ಜಿ ಕೊಡಬಹುದು. ಮಧ್ಯಸ್ಥಿಕೆಯಲ್ಲಿ ರಾಜಿಯಾಗಿ ಆದೇಶವಾಗಿದ್ದರೆ ಅಪೀಲಿಲ್ಲ. ಲೋಕ ಅದಾಲತ್ತಿನ ತೀರ್ಪಿನ ಮೇಲೂ ಇಲ್ಲ. ‘ಸೈನ್ ಹಾಕಿ, ಆಮೇಲೆ ಮೇಲೆ ಹೋಗಬಹುದು’ ಎಂದು ಯಾರಾದರೂ ಕಿವಿಯಲ್ಲಿ ಊದಿದರೆ ಪೆನ್ನು ಕೆಳಗಿಡಿ.

ಅಪೀಲಿನ ಮೆಮೊದಲ್ಲಿ ಕಷ್ಟ ಸುಖ ತೋಡಿಕೊಳ್ಳಬೇಡಿ. ‘ಆದೇಶದ ಇಷ್ಟನೇ ಪುಟದಲ್ಲಿ ಹೀಗೆ ಹೇಳಿದೆ, ದಾಖಲೆ ಮೂರನ್ನು ಗಮನಿಸಿಲ್ಲ’ ಎಂಬ ಧಾಟಿಯಲ್ಲಿ ನಾಲ್ಕೈದು ಅಂಶ ಸಾಕು. ದಾಖಲೆ ಮೂರು ಎಂಬುದು ಕೆಳಗೆ ಹೋಗಿಯೇ ಇಲ್ಲದಿದ್ದರೆ? ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಬಹುದು, ಆದರೆ ಎಷ್ಟು ಪ್ರಯತ್ನಿಸಿದರೂ ಆಗ ಸಿಕ್ಕಿರಲಿಲ್ಲ ಎಂದು ತೋರಿಸಬೇಕು. ಕಿಸೆಯ ಮೊಬೈಲಿನಲ್ಲೇ ಇದ್ದುದಕ್ಕೆ ಆ ಕಾರಣ ಹೊಂದುವುದಿಲ್ಲ.

ಗೆದ್ದವರೂ ಮೈಮರೆಯಬೇಡಿ. ಗ್ಯಾರೇಜಿನವರು ಅಪೀಲು ಹೋದರೆ ಕೊಡಬೇಕಾದ ಮೊತ್ತದ ಅರ್ಧವನ್ನು ಮೊದಲು ಕಟ್ಟಬೇಕು. ನೋಟಿಸು ಬಂದಾಗ ‘ಹೇಗೂ ಗೆದ್ದಿದ್ದೇನಲ್ಲ’ ಎಂದು ಮನೆಯಲ್ಲಿ ಕೂತರೆ ನಿಮ್ಮ ಬೆನ್ನ ಹಿಂದೆ ಆದೇಶ ತಿರುಗಬಹುದು. ಪ್ರತಿ ಸಲ ಬೈಂದೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಬೇಕೆಂದೇನಿಲ್ಲ, ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ಆನ್‌ಲೈನಿನಲ್ಲಿ ದೂರು, ಅಪೀಲು ಸಲ್ಲಿಸಲು 2025ರ ಜನವರಿ 1ರಿಂದ ಇ-ಜಾಗೃತಿ ಜಾಲತಾಣವಿದೆ. ಮಾಹಿತಿಗೆ ಗ್ರಾಹಕ ಸಹಾಯವಾಣಿ 1915, ಉಚಿತ ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಈ ನೆರವು ಸಿಗಲು ಆದಾಯದ ಮಿತಿಯೇ ಇಲ್ಲ. ದೂರು ಹೆಂಡತಿಯ ಹೆಸರಿನಲ್ಲಿದ್ದರೆ ಅವರೇ ಹೋಗಿ ಕೇಳಲಿ, ‘ನಿಮ್ಮ ಯಜಮಾನರನ್ನು ಕಳಿಸಿ’ ಎನ್ನುವ ಗುಮಾಸ್ತರ ಮಾತಿಗೆ ಕಿವಿಗೊಡಬೇಡಿ.

ಬಿಜೂರಿನವರ ಅಪೀಲನ್ನು 44ನೇ ದಿನ ಹಾಕಿದೆವು. ಫೋಟೊಗಳನ್ನು ಬದಿಗಿಟ್ಟು, ಕೆಳಗಿನ ಫೈಲಿನಲ್ಲಿ ಹೇಗೋ ಸೇರಿಕೊಂಡಿದ್ದ ಒಂದೇ ಒಂದು ಕಾಗದದ ಮೇಲೆ ಮೆಮೊ ಬರೆದೆ. ಅದು ಗ್ಯಾರೇಜಿನವರೇ ತಮ್ಮ ಉತ್ತರದ ಜೊತೆ ಹಾಕಿದ್ದ ಜಾಬ್ ಕಾರ್ಡಿನ ನಕಲು. ಅದರ ಕಾರಿನ ಚಿತ್ರದಲ್ಲಿ ಬಲಬದಿಯ ಬಾಗಿಲುಗಳ ಮೇಲೆ ಒಂದು ಗೀರೂ ಇರಲಿಲ್ಲ. ಬೆಂಗಳೂರಿನಲ್ಲಿ ಅವರೇ ನಿಂತು ವಾದಿಸಿದರು, ನಾನು ಹೋಗಲಿಲ್ಲ. ಪ್ರಕರಣ ಮತ್ತೆ ವಿಚಾರಣೆಗೆಂದು ಜಿಲ್ಲಾ ಆಯೋಗಕ್ಕೆ ವಾಪಸು ಬಂದಿದೆ. ಸಾಕ್ಷ್ಯದ ತಾರೀಕು ಮುಂದಿನ ವಾರ. ಮೊನ್ನೆ ಅಫಿಡವಿಟ್ಟಿಗೆ ಸಹಿ ಹಾಕಲು ಬಂದವರು ಹನ್ನೊಂದು ಫೋಟೊಗಳ ಮೂರು ಮೂರು ಪ್ರಿಂಟು ತಂದಿದ್ದರು, ಒಂದೊಂದರ ಹಿಂದೆಯೂ ಪೆನ್ಸಿಲಿನಲ್ಲಿ ತಾರೀಕು.