ಹಳೇ ಗಾಯಕ್ಕೂ ಕಾನೂನು ಉಂಟು



"ಎಷ್ಟೋ ವರ್ಷದ ಹಿಂದಿನ ಮಾತು, ಈಗ ಯಾಕೆ ಎತ್ತೋದು?" ಅಂತ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಈ ಮಾತಿಗೆ ಸ್ಕಾಟ್ಲೆಂಡ್ ಕೊಟ್ಟ ಉತ್ತರವನ್ನು ಈ ಪಾಠದಲ್ಲಿ ನೋಡೋಣ.

ಅಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಅನಾಥಾಲಯ, ವಸತಿ ಶಾಲೆ, ಸಾಕುಮನೆಗಳಲ್ಲಿ ಇಡುತ್ತಿದ್ದರು. ರಕ್ಷಣೆ ಸಿಗಬೇಕಾದ ಜಾಗದಲ್ಲೇ ಅನೇಕ ಮಕ್ಕಳು ಹೊಡೆತ, ಅವಮಾನ, ಲೈಂಗಿಕ ದೌರ್ಜನ್ಯ ಅನುಭವಿಸಿದರು. ಲಾನಾರ್ಕ್ ಊರಿನ ಸ್ಮಿಲಮ್ ಪಾರ್ಕ್ ಅನಾಥಾಲಯವನ್ನು ನಡೆಸಿದವರು ನಮ್ಮಂಥ ಕನ್ಯಾಸ್ತ್ರೀಯರೇ. ಅಲ್ಲೂ ದೌರ್ಜನ್ಯ ನಡೆದಿತ್ತೆಂದು ವಿಚಾರಣಾ ಆಯೋಗ 2018ರಲ್ಲಿ ವರದಿ ಕೊಟ್ಟಿತು. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಆದರೆ ಮುಚ್ಚಿಟ್ಟರೆ ಅದು ಇನ್ನೊಂದು ತಪ್ಪು.

2004ರ ಡಿಸೆಂಬರ್ 1ರಂದು ಅಲ್ಲಿನ ಸರ್ಕಾರದ ಮುಖ್ಯಸ್ಥ ಜ್ಯಾಕ್ ಮೆಕಾನೆಲ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಬರೀ ಕ್ಷಮೆ ಸಾಲದು ಅಂತ ನೊಂದವರು ಹೋರಾಟ ಬಿಡಲಿಲ್ಲ. ಕೊನೆಗೆ 2021ರಲ್ಲಿ ಪರಿಹಾರ ಕಾಯಿದೆ ಬಂತು. ಅದರ ಮುಖ್ಯ ಅಂಶಗಳು:

1. 2004ರ ಡಿಸೆಂಬರ್ 1ಕ್ಕೆ ಮುಂಚೆ, 18 ವರ್ಷದೊಳಗಿದ್ದಾಗ, ಆಶ್ರಯದಲ್ಲಿ ದೌರ್ಜನ್ಯಕ್ಕೆ ಒಳಗಾದವರಿಗಾಗಿ ಈ ಕಾಯಿದೆ.

2. ನಿಗದಿತ ಪರಿಹಾರ 10,000 ಪೌಂಡ್. ನಡೆದದ್ದನ್ನು ವಿವರವಾಗಿ ತಿಳಿಸಿ ಅರ್ಜಿ ಹಾಕಿದವರಿಗೆ, ಅದರ ಗಂಭೀರತೆ ನೋಡಿ 20,000ದಿಂದ 1,00,000 ಪೌಂಡ್ ತನಕ ಕೊಡಬಹುದು. ತೀರ್ಮಾನ ಮಾಡುವುದು ಒಂದು ಸ್ವತಂತ್ರ ಮಂಡಳಿ.

3. ಹಣದ ಜೊತೆಗೆ ಕ್ಷಮಾಪಣೆ, ಆಪ್ತಸಮಾಲೋಚನೆಯೂ ಸಿಗುತ್ತದೆ.

4. ಹಣ ಒಪ್ಪಿಕೊಂಡರೆ ಸರ್ಕಾರದ ಮೇಲೂ, ಈ ನಿಧಿಗೆ ಹಣ ಕೊಟ್ಟ ಸಂಸ್ಥೆಗಳ ಮೇಲೂ ಅದೇ ವಿಷಯಕ್ಕೆ ಪರಿಹಾರ ದಾವೆ ಹೂಡುವ ಹಾಗಿಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ವಕೀಲರ ಸಲಹೆ ಪಡೆಯಬಹುದು. ಅದರ ಫೀಸನ್ನು ಯೋಜನೆಯೇ ಕೊಡುತ್ತದೆ.

ನಮಗೆ ಬಹಳ ಹಿಡಿಸಿದ ಅಂಶ ಇನ್ನೊಂದಿದೆ. ಅರ್ಜಿದಾರರು ತಮಗೆ ತಿಳಿದ ಮಟ್ಟಿಗೆ ನಿಜವನ್ನೇ ಹೇಳುತ್ತಿದ್ದಾರೆ ಎಂದು ಭಾವಿಸಿಯೇ ಅರ್ಜಿ ನೋಡಬೇಕು ಅಂತ ಕಾಯಿದೆಯಲ್ಲೇ ಬರೆದಿದೆ. ಚಿಕ್ಕಂದಿನಲ್ಲಿ "ಸುಳ್ಳು ಹೇಳ್ತೀಯಾ" ಅಂತ ಬೈಸಿಕೊಂಡವರಿಗೆ ಇದೇ ಎಷ್ಟೋ ಸಮಾಧಾನ.

ನಮ್ಮ ಮಕ್ಕಳೂ ಹಾಸ್ಟೆಲುಗಳಲ್ಲಿ ಇದ್ದಾರೆ. ರಜೆಗೆ ಬಂದ ಮಗು "ನಾನು ವಾಪಸ್ ಹೋಗಲ್ಲ" ಅಂದರೆ ಗದರಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನಡೆಸುವವರು ಯಾರೇ ಇರಲಿ, ನಾವೇ ಇರಲಿ, ಕೇಳಿ. ಅಪಾಯ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಸಭೆಯಲ್ಲಿ ಚರ್ಚಿಸಿ:

* ಮಗು ಹೇಳಿದ್ದನ್ನು ನಂಬಲು ನಮಗೆ ಅಡ್ಡಿಯಾಗುವುದು ಯಾವುದು?
* ಹಣ, ಕ್ಷಮೆ – ನೊಂದವರಿಗೆ ಎರಡೂ ಯಾಕೆ ಬೇಕು?