ಬಾದಾಮಿಯ ಮೀಟರ್ ಗೇಜ್ ನಿಮ್ಮ ಮೇಜಿನ ಮೇಲೆ: ಮೊದಲ ಸಲ ಕಟ್ಟುವವರಿಗೆ

ಗದಗ–ಹೊಟಗಿ ಮಾರ್ಗ ಶುರುವಾದದ್ದು 1884ರಲ್ಲಿ, ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ. ಬ್ರಾಡ್ ಗೇಜ್ ಬರುವತನಕ ಬಾದಾಮಿ, ಬಾಗಲಕೋಟೆಗೆ ಬರುತ್ತಿದ್ದದ್ದು ಮೀಟರ್ ಗೇಜ್ ಗಾಡಿಯೇ. ಅದರ ಒಂದು ತುಂಡನ್ನು ಮನೆಯಲ್ಲೇ ಕಟ್ಟೋಣ. ಓಡುವ ಗಾಡಿ ಬೇಡ, ನಿಂತ ಗಾಡಿ ಸಾಕು. ಭಯಪಡಬೇಡಿ, ಕಟರ್ ಹಿಡಿಯಲು ಬಂದರೆ ಕೆಲಸ ಅರ್ಧ ಮುಗಿದಂತೆ.

1. ವರ್ಷ ಆರಿಸಿ. ಎಲ್ಲಕ್ಕಿಂತ ಮುಖ್ಯ ಇದೇ. ನಾವು 1975 ಹಿಡಿಯೋಣ. 1966ರ ಅಕ್ಟೋಬರ್‌ನಲ್ಲಿ ಬಾದಾಮಿ ಸೇರಿದ್ದ ಹುಬ್ಬಳ್ಳಿ ವಿಭಾಗ ದಕ್ಷಿಣ ರೈಲ್ವೆಯಿಂದ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. ನೈಋತ್ಯ ರೈಲ್ವೆ ಬಂದದ್ದು 2003ರಲ್ಲಿ. 1975ರ ಬೋಗಿಯ ಮೇಲೆ ನೈಋತ್ಯದ ಹೆಸರು ಬರೆದರೆ ಉಳಿದ ಶ್ರಮವೆಲ್ಲ ದಂಡ.

2. ಜಾಗ ಆರಿಸಿ. ಬಾದಾಮಿ ನಿಲ್ದಾಣದ ಪ್ಲಾಟ್‌ಫಾರ್ಮಿನ ಒಂದು ತುದಿ ಸಾಕು. ಹೊಸಬರು ಎಡವುವುದು ಇಲ್ಲೇ: ಹಿನ್ನೆಲೆಯಲ್ಲಿ ಊರಿನ ಗುಹೆ, ಅಗಸ್ತ್ಯ ಹೊಂಡ ಬಿಡಿಸಿಬಿಡುತ್ತಾರೆ. ನಿಲ್ದಾಣ ಊರಿಂದ ಸುಮಾರು 5 ಕಿ.ಮೀ. ದೂರ; ಹೊಂಡ ಅಲ್ಲಿಗೆ ಕಾಣುವುದಿಲ್ಲ. ಹುನಗುಂದ, ಇಳಕಲ್ಲಿನವರು ಬೇಜಾರಾಗಬೇಡಿ, ಆ ಕಾಲಕ್ಕೆ ನಿಮ್ಮೂರಿಗೆ ಹಳಿಯೇ ಇರಲಿಲ್ಲ. ನಿಮ್ಮ ಪಾಲು 7ನೇ ಹಂತದಲ್ಲಿದೆ.

3. ಅಳತೆ ಗೊತ್ತು ಮಾಡಿ. ನೂರರಲ್ಲಿ ಒಂದು. ಅಂದರೆ ನಿಜವಾದ ಒಂದು ಮೀಟರ್, ಇಲ್ಲಿ ಒಂದು ಸೆಂಟಿಮೀಟರ್. ಕ್ಯಾಲ್ಕುಲೇಟರ್ ಬೇಡ. ಮೀಟರ್ ಗೇಜ್ ಎಂದರೆ ಹಳಿಗಳ ನಡುವಿನ ಅಂತರ ಒಂದು ಮೀಟರ್; ಹಾಗಾಗಿ ಇಲ್ಲಿ ಸರಿಯಾಗಿ 10 ಮಿ.ಮೀ.

4. ಹಲಗೆ ಕತ್ತರಿಸಿ. 60×30 ಸೆಂ.ಮೀ. ಪ್ಲೈವುಡ್. ನಡುವೆ ಪೆನ್ಸಿಲ್‌ನಿಂದ ನೇರ ಗೆರೆ ಎಳೆಯಿರಿ.

5. ಸ್ಲೀಪರ್ ಹಾಕಿ. ಮೀಟರ್ ಗೇಜಿನ ಮರದ ಸ್ಲೀಪರ್ 1.8 ಮೀಟರ್ ಉದ್ದ, ಸುಮಾರು 20 ಸೆಂ.ಮೀ. ಅಗಲ. ಬೆಂಕಿಕಡ್ಡಿಯ ಅಗಲ 2 ಮಿ.ಮೀ.; ನಮಗಾಗಿಯೇ ಮಾಡಿದಂತಿದೆ! ಮದ್ದಿನ ತುದಿ ಕತ್ತರಿಸಿ ಎಸೆಯಿರಿ, ಕಡ್ಡಿಯನ್ನು 18 ಮಿ.ಮೀ.ಗೆ ತುಂಡು ಮಾಡಿ, ಚಹಾದ ಕಷಾಯದಲ್ಲಿ ಒಂದು ರಾತ್ರಿ ನೆನೆಸಿ ಒಣಗಿಸಿ. 8 ಮಿ.ಮೀ.ಗೊಂದರಂತೆ ಫೆವಿಕಾಲ್‌ನಿಂದ ಅಂಟಿಸಿ. ಈಗಿನ ಕಾಂಕ್ರೀಟ್ ಸ್ಲೀಪರ್ ನೋಡಿ ಬೂದು ಬಣ್ಣ ಬಳಿಯಬೇಡಿ.

6. ಹಳಿ ಕೂಡಿಸಿ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 18 ಗೇಜಿನ ತಾಮ್ರದ ತಂತಿ ಕೇಳಿ. ಒಂದು ತುದಿಯನ್ನು ಗಟ್ಟಿಯಾಗಿ ಬಿಗಿದು, ಇನ್ನೊಂದನ್ನು ಇಕ್ಕಳದಿಂದ ಜೋರಾಗಿ ಎಳೆಯಿರಿ, ಸೊಟ್ಟ ಹೋಗುತ್ತದೆ. ಮೇಲ್ಭಾಗಕ್ಕೆ ಅರ ಆಡಿಸಿ ಚಪ್ಪಟೆ ಮಾಡಿ. ಒಂದು ಹಳಿಯನ್ನು ಫೆವಿಕ್ವಿಕ್‌ನಿಂದ ಅಂಟಿಸಿ. 10 ಮಿ.ಮೀ. ಅಗಲದ ರಟ್ಟನ್ನು ಅದಕ್ಕೆ ತಾಗಿಸಿ ಇಟ್ಟು, ಎರಡನೆಯದನ್ನು ರಟ್ಟಿನ ಆ ಕಡೆಗೆ ಕೂಡಿಸಿ. ಬೆರಳು ಜೋಪಾನ. ಕಣ್ಣಳತೆ ನಂಬಬೇಡಿ, ಒಂದು ಮಿ.ಮೀ. ತಪ್ಪಿದರೂ ನಿಜದಲ್ಲಿ ಹತ್ತು ಸೆಂ.ಮೀ. ತಪ್ಪಿದಂತೆ.

7. ಸ್ಲೀಪರ್‌ಗಳ ನಡುವೆ ಖಡಿ ತುಂಬಿ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯ ಪುಡಿ ಸಿಕ್ಕರೆ ಭಾಗ್ಯ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ, ಸಣ್ಣ ಕಾಳು ಉಳಿಸಿಕೊಳ್ಳಿ. ಕೆಂಪು ಕಂಡರೆ ಕಪ್ಪು–ಬೂದು ಬಣ್ಣ ಬೆರೆಸಿ. ಫೆವಿಕಾಲ್‌ಗೆ ಎರಡರಷ್ಟು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಡ್ರಾಪರ್‌ನಿಂದ ಬಿಡಿ. ಅಡುಗೆಮನೆಯ ರವೆ ಮಾತ್ರ ಬೇಡ. ಇರುವೆಗಳಿಗೆ ಇತಿಹಾಸ ಗೊತ್ತಿಲ್ಲ.

8. ಬೋಗಿ ಕಟ್ಟಿ. ಉಕ್ಕಿನ ಮೀಟರ್ ಗೇಜ್ ಬೋಗಿಯ ಮೈ ಸುಮಾರು 19.5 ಮೀ. ಉದ್ದ, 2.7 ಮೀ. ಅಗಲ. ಸನ್ ಬೋರ್ಡಿನಲ್ಲಿ 19.5×2.7 ಸೆಂ.ಮೀ. ತಳ ಕತ್ತರಿಸಿ. ಕಿಟಕಿಗಳನ್ನು ಗೋಡೆ ನಿಲ್ಲಿಸುವ ಮೊದಲೇ ಕೊರೆಯಿರಿ, ಆಮೇಲೆ ಕೈ ಹೋಗುವುದಿಲ್ಲ. ಮಂಕು ಕೆಂಪು ಬಣ್ಣ ಬಳಿಯಿರಿ. ಹೊಳೆಯುವ ಎನಾಮೆಲ್ ಬಳಿದರೆ ಆಟಿಕೆ ಕಂಡಂತಾಗುತ್ತದೆ.

9. ಬೋಗಿಯನ್ನು ಹಳಿಯ ಮೇಲಿಡಿ. ಅಂಟಿಸಬೇಡಿ. ಮುಂದೆ ವೈಜಿ ಉಗಿ ಇಂಜಿನ್ ಕಟ್ಟುವ ಧೈರ್ಯ ಬಂದಾಗ ಇದು ಹಿಂದಕ್ಕೆ ಸರಿಯಬೇಕಲ್ಲ.